ಭದ್ರ ಮೇಸ್ತ್ರಿಯ ಕಂಪ್ಯೂಟರ್ ಪೆಟ್ಟಿಗೆ

ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಬ್ಯಾಂಕಿನವರನ್ನು ಬಿಟ್ಟರೆ ಅದು ಯಾರ ಉಪಯೋಗಕ್ಕೂ ಬರಲಿಲ್ಲ. ಬೀದಿಗೆಲ್ಲ ಅವರು ಭದ್ರ ಮೇಸ್ತ್ರಿ. ಈ ಬಿರುದು ಬಂದದ್ದು ಒಂದು ಮಂಚದ ದೆಸೆಯಿಂದ. ಬೀದಿಯ ಮೂಲೆಯ ಕನ್ನಡಕದಂಗಡಿಯವರು ಮಗನ ಮದುವೆಗೆಂದು ಕೋಣೆಯೊಳಗೇ ಮಾಡಿಸಿದ ಮಂಚ ಅದು. ವರ್ಷಗಳ ನಂತರ ಅವರು ಮನೆ ಮಾರಿ ಹೊರಟಾಗ ಮಂಚ ಜಪ್ಪಯ್ಯ ಅಂದರೂ ಬಾಗಿಲು ದಾಟಲಿಲ್ಲ. ಬಿಚ್ಚೋಣವೆಂದರೆ ಎಲ್ಲೂ ಒಂದು ಮೊಳೆಯಿಲ್ಲ, ಸ್ಕ್ರೂ ಇಲ್ಲ. ಮರಕ್ಕೆ ಮರವನ್ನೇ ಕಚ್ಚಿಸಿ ಜನ್ಮಕ್ಕೆ ಬಿಡದಂತೆ ಬೆಸೆದಿದ್ದರು. ಕೊನೆಗೆ ಮನೆ ಕೊಂಡವರು ಗೋಡೆ ಕಿಟಕಿಗಳ ಜೊತೆಗೆ ಮಂಚವನ್ನೂ ಸೇರಿಸಿಕೊಂಡರು. ಕನ್ನಡಕದಂಗಡಿಯವರು ಹೋಗುವಾಗ ಮೇಸ್ತ್ರಿಯ ಅಂಗಡಿಯ ಮುಂದೆ ನಿಂತು, "ನಿಮ್ಮ ಭದ್ರಕ್ಕೆ ದೊಡ್ಡ ನಮಸ್ಕಾರ ಸ್ವಾಮಿ" ಅಂದರು. ಮೇಸ್ತ್ರಿ ಅದನ್ನು ಹೊಗಳಿಕೆ ಎಂದೇ ತಿಳಿದರು. ಈಗಲೂ ಹಾಗೇ ತಿಳಿದಿದ್ದಾರೆ. ಯಾರೂ ತಿದ್ದಲು ಹೋಗಿಲ್ಲ.

ನಡುವೆ ಆಸರೆಯಿಲ್ಲದ ಹಲಗೆ ಹಲಗೆಯೇ ಅಲ್ಲ ಎನ್ನುವುದು ಅವರ ಮಾತು. ಪುಸ್ತಕದ ಕಪಾಟಾಗಲಿ, ಅಂಗಡಿಯ ಕೌಂಟರಾಗಲಿ, ಮೂಲೆಗಳಿಗೆ ಕಾಲು ಕೊಟ್ಟ ಮೇಲೆ ಅವರ ಕಣ್ಣು ನಡುವಿಗೆ ಹೋಗುತ್ತಿತ್ತು. ಹೆಬ್ಬೆರಳಿನಿಂದ ಅಲ್ಲಿ ಒತ್ತಿ ನೋಡುವರು. ಒಂದಿಷ್ಟು ಬಾಗಿದಂತೆ ಕಂಡರೆ ಕೆಳಗೊಂದು ಕಾಲು. ಬಾಗದಿದ್ದರೆ, ಮುಂದೆಯೂ ಬಾಗಬಾರದಲ್ಲ ಎಂದು ಒಂದು ಕಾಲು. ಅವರ ಅಡುಗೆಮನೆಯಲ್ಲಿರುವ ಸ್ಟೂಲಿಗೆ ಐದು ಕಾಲು. ನೆಲ ಕೊಂಚ ಏರುಪೇರಾದರೂ ಅದು ಆ ಐದನೆಯ ಕಾಲಿನ ಮೇಲೆ ಗಿರಕಿ ಹೊಡೆಯುತ್ತದೆ. "ನಿಮ್ಮಪ್ಪನಿಗೆ ದೇವರು ಎರಡೇ ಕಾಲು ಕೊಟ್ಟು ಅನ್ಯಾಯ ಮಾಡ್ಬಿಟ್ಟ ಕಣೆ" ಎಂದು ಹೆಂಡತಿ ಮಗಳಿಗೆ ಹೇಳುವುದಿತ್ತು, ಮೇಸ್ತ್ರಿಗೆ ಸರಿಯಾಗಿ ಕೇಳಿಸುವಷ್ಟು ಮೆಲ್ಲಗೆ.

ಹೀಗೆ ಬೀದಿಯನ್ನೆಲ್ಲ ಭದ್ರಪಡಿಸುತ್ತ ಬಂದ ಕೈ ಹೋದ ವರ್ಷ ನಡುಗತೊಡಗಿತು. ಮೊದಲು ಗೊತ್ತಾದದ್ದು ಚಹಾದ ಲೋಟದಲ್ಲಿ. ವೈದ್ಯರು ನೋಡಿ, ವಯಸ್ಸಿನ ನಡುಕ, ಹೆದರುವಂಥದ್ದೇನಲ್ಲ ಎಂದರು. ಮೇಸ್ತ್ರಿ ಹೆದರಲೂ ಇಲ್ಲ. ಆದರೆ ಒಂದು ದಿನ ಪಕ್ಕದ ಓಣಿಯ ದರ್ಜಿಯಮ್ಮನ ಕಪಾಟಿನ ಬಾಗಿಲಿಗೆ ಕೀಲು ಕೂರಿಸಲು ಕಚ್ಚು ಹೊಡೆಯುತ್ತಿದ್ದಾಗ ಉಳಿ ಜಾರಿ, ಬಾಗಿಲಿನ ಮುಖದ ಮೇಲೆ ಉದ್ದಕ್ಕೂ ಗೆರೆ ಎಳೆಯಿತು. ಆಕೆ ನೋಡಿ, "ಪರವಾಗಿಲ್ಲ ಬಿಡಿ ಮೇಸ್ತ್ರಿ, ಮೇಲೊಂದು ಬಟ್ಟೆ ನೇತುಹಾಕಿದ್ರೆ ಕಾಣಲ್ಲ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಕೆಲಸಕ್ಕೆ ಯಾರೂ ಪರವಾಗಿಲ್ಲ ಎಂದಿರಲಿಲ್ಲ. ಬಾಗಿಲನ್ನು ತಮ್ಮಲ್ಲಿ ಕೆಲಸ ಕಲಿತ ಶಿಷ್ಯನ ಕೈಯಲ್ಲಿ ಹೊಸದಾಗಿ ಮಾಡಿಸಿಕೊಟ್ಟು, ಮನೆಯ ಮುಂಭಾಗದಲ್ಲಿದ್ದ ಅಂಗಡಿಗೆ ಬೀಗ ಜಡಿದು, ಹಿತ್ತಿಲ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಕೆಲಸವಿಲ್ಲದ ಬಡಗಿಯನ್ನು ಮನೆಯಲ್ಲಿಟ್ಟುಕೊಳ್ಳುವ ಕಷ್ಟ ಹೆಂಡತಿಗೇ ಗೊತ್ತು. ಬಾಗಿಲುಗಳನ್ನು ತೆರೆದು ಮುಚ್ಚಿ ಕಿರುಗುಟ್ಟುತ್ತಿದೆಯೇ ನೋಡುವುದು, ಪಾತ್ರೆ ಇಡುವ ಹಲಗೆಯನ್ನು ಒತ್ತಿ ನೋಡುವುದು, ನೋಡಿ ನಿಟ್ಟುಸಿರು ಬಿಡುವುದು. ತಿಂಗಳುಗಟ್ಟಲೆ ನಡೆಯಿತು ಇದು.

ಮಗಳು ಅಳಿಯ ಅದೇ ಮನೆಯ ಮಹಡಿಯ ಮೇಲೆ ಇದ್ದರು. ಮಗಳದು ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವ ಕೆಲಸ. ಅವಳ ಹಳೆಯ ಕಂಪ್ಯೂಟರು ಒಂದು ಗೋಡೆ ಎಳೆಯಲು ಹೇಳಿದರೆ ಅಡಿಪಾಯ ತೋಡಿ ಬಂದಂತೆ ಏದುಸಿರು ಬಿಡುತ್ತಿತ್ತು. ಅಳಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ತನ್ನ ಕಾಲು ತುಳಿದವರಿಗೂ ತಾನೇ ಸಾರಿ ಹೇಳುವ ಸ್ವಭಾವ. ಹೊಸ ಕಂಪ್ಯೂಟರನ್ನು ಬಿಡಿಬಿಡಿಯಾಗಿ ತರಿಸಿ ತಾನೇ ಜೋಡಿಸುತ್ತೇನೆ ಎಂದು ಅವನು ಪಟ್ಟು ಹಿಡಿದಾಗ ಎಲ್ಲರಿಗೂ ಆಶ್ಚರ್ಯವಾಯಿತು. ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿ, ಪವರ್ ಸಪ್ಲೈ, ಒಂದೊಂದೇ ರಟ್ಟಿನ ಡಬ್ಬಿಯಲ್ಲಿ ಬಂದು ಕೂತವು. ಎಲ್ಲವನ್ನೂ ಹಾಕಲು ಹೊರಗಿನ ಪೆಟ್ಟಿಗೆಯೊಂದು ಬಾಕಿ ಇತ್ತು.

"ಪೆಟ್ಟಿಗೆ ಯಾಕೆ ಕೊಳ್ಬೇಕು? ಅಪ್ಪ ಮಾಡ್ತಾರೆ" ಎಂದಳು ಮಗಳು, ಅಪ್ಪನ ಮುಖ ನೋಡದೆ.

ಮೇಸ್ತ್ರಿ ಊಟದ ತಟ್ಟೆಯಿಂದ ತಲೆ ಎತ್ತಿದರು. "ಕಂಪ್ಯೂಟರಿಗೆ ಮರದ ಪೆಟ್ಟಿಗೇನಾ? ಬೆಂಕಿ ಗಿಂಕಿ ಹತ್ತಿದ್ರೆ?"

"ಅಷ್ಟೊಂದು ಬಿಸಿ ಆಗಲ್ಲ ಮಾವ" ಎಂದ ಅಳಿಯ. "ಗಾಳಿ ಆಡೋ ಹಾಗಿದ್ರೆ ಸಾಕು. ಉಳಿದಿದ್ದೆಲ್ಲ ನಿಮ್ಮಿಷ್ಟ."

ಮೇಸ್ತ್ರಿ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮಕ್ಕಳು ಮೇಲೆ ಹೋದ ಮೇಲೆ ಹೆಂಡತಿಯ ಹತ್ತಿರ ಮನಸ್ಸು ಬಿಚ್ಚಿದರು. "ನೋಡೇ, ಇದೊಂದು ಮಾಡಿ ನೋಡ್ತೀನಿ. ಕೈ ನೆಟ್ಟಗಿದೆ ಅಂತ ಆದ್ರೆ ಅಂಗಡಿ ಬಾಗಿಲು ತೆಗೀತೀನಿ. ಇದೂ ಕೆಟ್ರೆ ಮುಗೀತು. ಸಾಮಾನೆಲ್ಲ ಶಿಷ್ಯನಿಗೆ ಕೊಟ್ಟು ಕೈ ತೊಳ್ಕೋತೀನಿ. ಮಕ್ಕಳಿಗೆ ಹೇಳ್ಬೇಡ."

ಹೆಂಡತಿ ಹೂಂಗುಟ್ಟಿದರು. ಆದರೆ ಮೇಸ್ತ್ರಿ ಅಷ್ಟಕ್ಕೇ ಬಿಡುವವರೇ? ಕೊನೆ ಗಳಿಗೆಯಲ್ಲಿ ತನಗೆ ತಾನೇ ಮೋಸ ಮಾಡಿಕೊಳ್ಳಬಾರದು ಎಂದು ಶಿಷ್ಯನಿಗೆ ಫೋನನ್ನೂ ಮಾಡಿ, ಬರುವ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಗೋಣಿಚೀಲ ತೆಗೆದುಕೊಂಡು ಬಾ, ಉಪಕರಣ ಒಯ್ಯುವುದಿರಬಹುದು ಎಂದುಬಿಟ್ಟರು. "ಹುಟ್ಟೋ ಕೂಸಿಗೆ ತೊಟ್ಟಿಲ ಜೊತೆ ಚಟ್ಟಾನೂ ಹೇಳಿಟ್ಟಂಗಾಯ್ತು" ಎಂದು ಹೆಂಡತಿ ಸಿಡಿಮಿಡಿಗೊಂಡರು.

ಪೆಟ್ಟಿಗೆಯ ಕೆಲಸ ಜಗಲಿಯಲ್ಲೇ ನಡೆಯಿತು. ಅಂಗಡಿಯ ಬೀಗ ತೆಗೆಯುವ ಹಕ್ಕು ತಮಗಿನ್ನೂ ಬಂದಿಲ್ಲ ಎಂದು ಮೇಸ್ತ್ರಿಯ ಲೆಕ್ಕ. ಅಟ್ಟದ ಮೇಲಿದ್ದ ಹಳೆಯ ತೇಗದ ಹಲಗೆಗಳನ್ನು ಇಳಿಸಿ, ಗೆರೆಯಿಂದ ಹೊರಗೇ ಗರಗಸ ಹಾಕಿ, ಆಮೇಲೆ ನಿಧಾನವಾಗಿ ಕೀಸಿ ಕೀಸಿ ಗೆರೆಗೆ ತಂದರು. ಕೈ ನಡುಗಿದಾಗ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಬಸ್ಸು ಹಾದುಹೋಗಲಿ ಎಂದು ರಸ್ತೆ ಬದಿಯಲ್ಲಿ ನಿಲ್ಲುವವರಂತೆ ಸುಮ್ಮನೆ ನಿಲ್ಲುವರು. ಅದು ಹೋದ ಮೇಲೆ ಮತ್ತೆ ಉಳಿ. ಮೊದಲಾದರೆ ಎರಡು ದಿನದಲ್ಲಿ ಮುಗಿಯುತ್ತಿದ್ದದ್ದು ವಾರಗಟ್ಟಲೆ ಎಳೆಯಿತು. ಆದರೆ ಪೆಟ್ಟಿಗೆ ಎದ್ದು ನಿಂತಾಗ ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುವ ಹಾಗಿರಲಿಲ್ಲ, ನಿಜಕ್ಕೂ ಮುದ್ದಾಗಿತ್ತು. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂತಿತ್ತು. ಎರಡು ಪಕ್ಕಕ್ಕೂ ಗಾಳಿಗೆಂದು ಓರೆ ಪಟ್ಟಿಗಳು, ಮುಂದೆ ಪುಟ್ಟ ಬಾಗಿಲು, ಬಾಗಿಲಿಗೊಂದು ಚಿಲಕ. ಎದುರುಮನೆಯಾಕೆ ಬಂದು, ಇದು ಅಕ್ಕಿ ಹಾಕಿಡುವುದಕ್ಕೋ ಬೆಕ್ಕು ಸಾಕುವುದಕ್ಕೋ ಎಂದು ವಿಚಾರಿಸಿ ಹೋದಳು. ಮಗಳು ಒಂದು ಕೈಯಲ್ಲಿ ಎತ್ತಲು ಹೋಗಿ, ಎರಡೂ ಕೈ ಹಾಕಿ, ಕೊನೆಗೆ ಗಂಡನನ್ನು ಕೂಗಿದಳು.

ಮದರ್‌ಬೋರ್ಡು ಕೂರಿಸುವ ಕ್ರಮವನ್ನು ಅಳಿಯ ವಿವರಿಸಿದ್ದ. ಎರಡು ಅಂಗೈ ಅಗಲದ ಹಸಿರು ಹಲಗೆಯಂಥ ಬೋರ್ಡು. ಅದರ ಅಂಚುಗಳಲ್ಲಿ ಸ್ಕ್ರೂ ಹಾಕಲು ತೂತುಗಳು. ಪ್ರತಿ ತೂತಿಗೆ ನೇರವಾಗಿ ಪೆಟ್ಟಿಗೆಯ ಒಳಗೆ ಒಂದೊಂದು ಕುಳ್ಳ ಹಿತ್ತಾಳೆ ಕಾಲು ನೆಡಬೇಕು, ಬೋರ್ಡು ಅವುಗಳ ಮೇಲೆ ಕೂರುತ್ತದೆ. ಮೇಸ್ತ್ರಿ ಹಾಗೆಯೇ ನೆಟ್ಟು, ಬೋರ್ಡನ್ನು ಮೇಲಿಟ್ಟು, ಅಭ್ಯಾಸಬಲದಿಂದ ನಡುವೆ ಹೆಬ್ಬೆರಳಿಟ್ಟು ಒತ್ತಿದರು.

ಬಾಗಿತು.

ಮೇಸ್ತ್ರಿಯ ಎದೆ ಧಸಕ್ಕೆಂದಿತು. ಇಷ್ಟು ನಾಜೂಕಿನ ಸಾಮಾನು, ಮೇಲೆ ಫ್ಯಾನಿನ ಭಾರ ಬೇರೆ, ನಡುವೆ ಆಸರೆಯೇ ಇಲ್ಲ! ಇದನ್ನು ಮಾಡಿದವನಿಗೆ ಕಲಿಸಿದ ಗುರು ಯಾರೋ! ಪೊಟ್ಟಣದಲ್ಲಿ ಹಿತ್ತಾಳೆ ಕಾಲು ಎರಡು ಉಳಿದಿದ್ದವು. ಒಂದನ್ನು ಸರಿಯಾಗಿ ನಡುವಿಗೆ ನೆಟ್ಟರು. ಬೋರ್ಡಿನ ಬೆನ್ನಿನಲ್ಲಿ ಸಣ್ಣ ಸಣ್ಣ ಬೆಸುಗೆಯ ಮುಳ್ಳುಗಳಿದ್ದುದರಿಂದ ಕಾಲು ಎತ್ತರವಾಯಿತು, ಬೋರ್ಡು ಎದ್ದು ನಿಂತಿತು. ತೆಗೆದು, ಅರದಿಂದ ತಲೆಯನ್ನು ಉಜ್ಜಿ, ಮತ್ತೆ ನೆಟ್ಟು ನೋಡಿದರು. ತಾಗಬೇಕು, ಆದರೆ ಎತ್ತಬಾರದು. ತೆಳುವಾದ ಕಾಗದವನ್ನು ನಡುವೆ ಸರಿಸಿ, ಅದು ಸಿಕ್ಕಿಕೊಳ್ಳುವವರೆಗೆ ಬಿಡಲಿಲ್ಲ. ಬೆಳಗ್ಗೆ ಕೂತವರು ಹೆಂಡತಿ ಊಟಕ್ಕೆ ಎರಡನೆಯ ಸಲ ಕರೆದಾಗ ಎದ್ದರು. ಅಳಿಯನಿಗೆ ಈ ವಿಷಯ ಹೇಳಲಿಲ್ಲ. ಹೇಳುವುದೇನಿತ್ತು? ಅಡುಗೆಗೆ ಉಪ್ಪು ಹಾಕಿದ್ದೇನೆ ಎಂದು ಯಾರಾದರೂ ಡಂಗುರ ಹೊಡೆಯುತ್ತಾರೆಯೇ?

ಭಾನುವಾರ ಬಂತು. ಬೆಳಗಿನ ತಿಂಡಿ ಮುಗಿಯುತ್ತಲೇ ಹಜಾರದ ನಡುವೆ ಪೆಟ್ಟಿಗೆ ಇಟ್ಟುಕೊಂಡು ಮಾವ ಅಳಿಯ ಕೂತರು. ಬೋರ್ಡು ಕೂರಿಸಿ ಸ್ಕ್ರೂ ಹಾಕುವುದು ಮೇಸ್ತ್ರಿಯ ಪಾಲು, ತಂತಿ ಸಿಕ್ಕಿಸುವುದು ಅಳಿಯನ ಪಾಲು ಎಂದು ಮೊದಲೇ ಒಪ್ಪಂದವಾಗಿತ್ತು. ಎಲ್ಲ ಮುಗಿದು, ಮಾನಿಟರು ಪಕ್ಕದಲ್ಲಿಟ್ಟು, ಬಟನ್ ಒತ್ತುವ ಗೌರವವನ್ನು ಮಗಳಿಗೆ ಕೊಟ್ಟರು.

ಮಗಳು ಒತ್ತಿದಳು. ಒಳಗೆ ಸಣ್ಣ ದೀಪವೊಂದು ಮಿನುಗಿತು, ಫ್ಯಾನು ಕಾಲು ಸುತ್ತು ತಿರುಗಿತು, ಟಕ್ ಎಂದು ಎಲ್ಲ ನಿಂತಿತು. ಬರುವಂತಿದ್ದ ಸೀನು ಬಾರದೆ ಹೋದಂತಾಯಿತು. ಮತ್ತೆ ಒತ್ತಿದರೂ ಅಷ್ಟೇ. ಮೂರನೆಯ ಸಲಕ್ಕೆ ಅಳಿಯನ ಮುಖ ಇಂಗು ತಿಂದ ಮಂಗನಂತಾಗಿತ್ತು. ಮೇಸ್ತ್ರಿ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಹೆಂಡತಿ ಅದನ್ನು ನೋಡಿದರು.

"ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?" ಎಂದು ಅವರೇ ಮೊದಲು ಬಾಯಿ ಬಿಟ್ಟರು.

"ಆನೇ ಆಗ್ತಿಲ್ಲ ಅತ್ತೆ, ಆಫ್ ಏನು ಮಾಡ್ಲಿ?"

ಅಳಿಯ ಗೋಡೆಯ ಪ್ಲಗ್ಗಿನಿಂದ ಶುರು ಮಾಡಿದ. ಅದಕ್ಕೆ ಟೇಬಲ್ ಫ್ಯಾನು ಹಾಕಿ ನೋಡಿದ, ಫ್ಯಾನು ಜೋರಾಗಿ ತಿರುಗಿ ಎಲ್ಲರ ಮುಖಕ್ಕೂ ಗಾಳಿ ಹೊಡೆಯಿತು. ಪವರ್ ಸಪ್ಲೈಯ ಹಿಂದಿನ ಸ್ವಿಚ್ಚು ಒತ್ತಿ ನೋಡಿದ. ಬಟನ್ನಿನ ತಂತಿ ತಪ್ಪು ಜಾಗದಲ್ಲಿದೆಯೇನೋ ಎಂದು ಕಿತ್ತು ಮತ್ತೆ ಸಿಕ್ಕಿಸಿದ. ಮೆಮೊರಿಯ ಪಟ್ಟಿಗಳೆರಡನ್ನೂ ತೆಗೆದು, ಅವುಗಳ ಹೊಳೆಯುವ ಅಂಚನ್ನು ರಬ್ಬರಿನಿಂದ ಉಜ್ಜಿ, ಒಂದನ್ನೇ ಹಾಕಿ ನೋಡಿದ, ಆಮೇಲೆ ಇನ್ನೊಂದನ್ನೇ ಹಾಕಿ ನೋಡಿದ. ಮಗಳು ಟಾರ್ಚು ಹಿಡಿದು ನಿಂತಿದ್ದಳು. ಪ್ರತಿ ಸಲವೂ ಕಾಲು ಸುತ್ತು, ಟಕ್.

"ಇಬ್ಬರಲ್ಲಿ ಯಾರೋ ಏನೋ ಎಡವಟ್ಟು ಮಾಡಿದ್ದೀರಿ" ಎಂದಳು ಮಗಳು ಬೇಸತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬ ಇರುತ್ತಾನೆ, ಇಲ್ಲಿ ಇಬ್ಬರಿದ್ದರು. ಪ್ರೊಸೆಸರನ್ನು ಕೂರಿಸಿ ಮೇಲಿನ ಸರಳನ್ನು ಒತ್ತುವಾಗ ಕರಕ್ ಎಂದು ಶಬ್ದ ಬಂದದ್ದನ್ನು ಅಳಿಯ ಯಾರಿಗೂ ಹೇಳಿರಲಿಲ್ಲ. ಅದನ್ನೇ ಮುರಿದೆನೇನೋ ಎಂದು ಅವನ ಚಿಂತೆ. ಮೇಸ್ತ್ರಿಗೋ, ಸ್ಕ್ರೂ ಹಾಕುವಾಗ ಕೈ ನಡುಗಿ ಎಲ್ಲಿ ಏನು ತಗುಲಿತೋ ಎಂಬ ಭಯ. ಇಬ್ಬರೂ ಪೆಟ್ಟಿಗೆಯನ್ನು ನೋಡುತ್ತಿದ್ದರೇ ಹೊರತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಎಲ್ಲಾ ಹೊರಗೆ ತೆಗೆದು, ಬೋರ್ಡು ಒಂದನ್ನೇ ಇಟ್ಟು ನೋಡೋಣ ಮಾವ" ಎಂದ ಅಳಿಯ ಕೊನೆಗೆ. "ನಿಜ ಹೇಳ್ಬೇಕಂದ್ರೆ ಇದನ್ನ ಮೊದಲೇ ಮಾಡ್ಬೇಕಿತ್ತು. ಎಲ್ಲಾ ಹೊಸ ಸಾಮಾನು ತಾನೇ ಅಂತ ಉದಾಸೀನ ಮಾಡ್ದೆ."

ಊಟದ ಮೇಜಿನ ಮೇಲೆ ಖಾಲಿ ರಟ್ಟಿನ ಡಬ್ಬಿ ಇಟ್ಟು, ಅದರ ಮೇಲೆ ಬೋರ್ಡನ್ನು ಮಲಗಿಸಿದರು. ಬಟನ್ನು ಪೆಟ್ಟಿಗೆಯಲ್ಲೇ ಉಳಿದಿದ್ದರಿಂದ ಅಳಿಯ ಸ್ಕ್ರೂಡ್ರೈವರಿನ ತುದಿಯಿಂದ ಬಟನ್ನಿನ ತಂತಿ ಕೂರುವ ಎರಡು ಪುಟ್ಟ ಕಡ್ಡಿಗಳನ್ನು ಒಟ್ಟಿಗೆ ಮುಟ್ಟಿಸಿದ. ಫ್ಯಾನು ಗಿರ್ ಎಂದು ತಿರುಗಿತು. ತಿರುಗುತ್ತಲೇ ಇತ್ತು. ಮಾನಿಟರಿನಲ್ಲಿ ಅಕ್ಷರ ಬಂತು. ಅಳಿಯ ಕುಣಿದೇಬಿಟ್ಟ. ಮಗಳು ಚಪ್ಪಾಳೆ ಹೊಡೆದಳು. ಹೆಂಡತಿಯೂ ಹೊಡೆಯಲು ಕೈ ಎತ್ತಿದವರು ಗಂಡನ ಕಡೆ ನೋಡಿ ಇಳಿಸಿದರು.

ಮೇಸ್ತ್ರಿಗೆ ಲೆಕ್ಕ ಗೊತ್ತಾಗಿತ್ತು. ರಟ್ಟಿನ ಮೇಲೆ ಓಡುವುದು ಮರದ ಪೆಟ್ಟಿಗೆಯಲ್ಲಿ ಓಡುವುದಿಲ್ಲವೆಂದರೆ ಕೆಟ್ಟದ್ದು ಯಾವುದು ಎಂದು ತಿಳಿಯಲು ಜ್ಯೋತಿಷ್ಯ ಬೇಕಿರಲಿಲ್ಲ. ಆದರೂ ಮತ್ತೊಮ್ಮೆ ಒಳಗಿಟ್ಟು ನೋಡೋಣ ಎಂದರು. ತಾವೇ ಕೂರಿಸಿದರು, ಈ ಸಲ ಉಸಿರು ಬಿಗಿಹಿಡಿದು. ಮಗಳು ಬಟನ್ ಒತ್ತಿದಳು. ಕಾಲು ಸುತ್ತು, ಟಕ್.

ಅಳಿಯ ತಡವರಿಸುತ್ತ, "ನಾನು ತಂತಿ ಜಾಸ್ತಿ ಎಳೆದು ಸಿಕ್ಕಿಸ್ತಿದ್ದೀನಿ ಅನ್ಸುತ್ತೆ ಮಾವ, ನನ್ನದೇ ತಪ್ಪು" ಎಂದ. ಮೇಸ್ತ್ರಿಯ ಮುಖ ನೋಡಿ ಗಾಬರಿಯಾಗಿ, "ಪರವಾಗಿಲ್ಲ ಮಾವ, ಸದ್ಯಕ್ಕೊಂದು ತಗಡಿನ ಪೆಟ್ಟಿಗೆ ತಂದ್ರಾಯ್ತು. ಇದರಲ್ಲಿ ಬೇಕಿದ್ರೆ ಪುಸ್ತಕ ಇಟ್ಕೋಬಹುದು" ಎಂದೂ ಸೇರಿಸಿದ.

ಒಳ್ಳೆಯವರ ಬಾಯಿಂದ ಬರುವ ಮಾತು ಕೆಲವು ಸಲ ಕೆಟ್ಟವರ ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ. ಮೇಸ್ತ್ರಿ ಎದ್ದು ಹಿತ್ತಿಲ ಜಗಲಿಗೆ ಹೋದರು. ಮೂಲೆಮಟ್ಟ, ಉಳಿಗಳು, ಕೊಡತಿ, ಸಣ್ಣ ಗರಗಸ, ಎಲ್ಲವನ್ನೂ ಹಳೆಯ ಪಂಚೆಯ ಮೇಲೆ ಸಾಲಾಗಿ ಇಡತೊಡಗಿದರು. ಹಿಂದೆಯೇ ಬಂದ ಹೆಂಡತಿ ಬಾಗಿಲಲ್ಲಿ ನಿಂತರು.

"ಶಿಷ್ಯ ಊಟ ಮಾಡ್ಕೊಂಡು ಬರ್ತಾನೆ. ಅಷ್ಟರೊಳಗೆ ಕಟ್ಟಿಡ್ತೀನಿ" ಎಂದರು ಮೇಸ್ತ್ರಿ.

"ಕಟ್ಟಿ ಕಟ್ಟಿ. ಕೈ ಎಲ್ಲಿ ತಪ್ಪಿತು ಅಂತ ನೋಡಿದ್ರಾ? ಇಷ್ಟು ವರ್ಷ ಒಂದು ಬಾಗಿಲು ಕಿರುಗುಟ್ಟಿದ್ರೆ ಯಾಕೆ ಅಂತ ತಿಳಿಯೋವರೆಗೆ ಊಟ ಬಿಡ್ತಿದ್ರಿ. ಈಗ ನೋಡ್ದೇನೇ ಶರಣಾದ್ರಾ?"

ಹೆಂಡತಿಯ ಕಣ್ಣು ತುಂಬಿತ್ತು. ಧ್ವನಿ ಮಾತ್ರ ಜಗಳದ್ದು. ಮೇಸ್ತ್ರಿ ಕೈಯಲ್ಲಿದ್ದ ಉಳಿಯನ್ನು ಪಂಚೆಯ ಮೇಲಿಡದೆ ಒಂದು ಕ್ಷಣ ಕೂತರು. ಅವಳು ಹೇಳುವುದು ಸುಳ್ಳಲ್ಲ. ಹೋಗುವುದೇ ಆದರೂ ಎಡವಿದ ಕಲ್ಲು ಯಾವುದೆಂದು ನೋಡಿಯೇ ಹೋಗಬೇಕು. ಎದ್ದು ಹಜಾರಕ್ಕೆ ಬಂದರು.

"ಅಳಿಯಂದ್ರೇ, ಆ ಬೋರ್ಡು ಮತ್ತೆ ತೆಗೀರಿ. ಅದರ ಬೆನ್ನು ನೋಡ್ಬೇಕು."

ಮರವನ್ನು ಕೊಳ್ಳುವಾಗಲೂ ಅವರು ಮುಖಕ್ಕಿಂತ ಮೊದಲು ಬೆನ್ನು ನೋಡುವವರು. ಬೋರ್ಡನ್ನು ಮಗುಚಿ, ಕಿಟಕಿಯ ಬೆಳಕಿಗೆ ಓರೆ ಹಿಡಿದು, ಕಣ್ಣು ಕಿರಿದಾಗಿಸಿದರು. ಬೆನ್ನ ತುಂಬ ಬೆಸುಗೆಯ ಚುಕ್ಕೆಗಳು, ಬೆಳ್ಳಿಯ ಬಣ್ಣದವು. ನಡುವೆ ಒಂದೆಡೆ ಅಕ್ಕಪಕ್ಕದ ಎರಡು ಚುಕ್ಕೆಗಳ ತಲೆ ಉಜ್ಜಿದಂತಾಗಿ ಹಳದಿ ಹೊಳೆಯುತ್ತಿತ್ತು.

"ಇಲ್ಲೇನೋ ತಾಗಿದೆ" ಎಂದರು.

ಅಳಿಯ ಬಗ್ಗಿ ನೋಡಿದ. ಆಮೇಲೆ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಅಷ್ಟು ಹೊತ್ತು ಅವನ ಕಣ್ಣೆಲ್ಲ ಬೋರ್ಡಿನ ಮೇಲೇ ಇತ್ತು. ಕೆಳಗಿನ ಹಿತ್ತಾಳೆ ಕಾಲುಗಳೆಲ್ಲ ಒಂದೇ ಥರ ಇದ್ದುದರಿಂದ ಯಾರೂ ಎಣಿಸಲು ಹೋಗಿರಲಿಲ್ಲ. ಈಗ ಬೆರಳಿಟ್ಟು ಎಣಿಸಿದ. ಅವನ ಬಾಯಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

"ಯಾಕೆ, ಏನು?"

"ಏನಿಲ್ಲ ಮಾವ."

"ಎಕ್ಸ್‌ರೇಲಿ ಮೂಳೆ ಮುರಿದದ್ದು ಕಂಡ್ರೂ ಏನಿಲ್ಲ ಅಂತ ಹೇಳಿ ಕಳಿಸ್ತೀರಾ?"

"ಇಲ್ಲ ಮಾವ."

"ಮತ್ತೆ ಬಾಯಿ ಬಿಡಿ."

ಅಳಿಯ ಪೆಟ್ಟಿಗೆಯೊಳಗೆ ಬೆರಳು ತೋರಿಸಿದ. "ನಡುವೆ ಒಂದು ಕಾಲು ಹೆಚ್ಚಿಗೆ ಇದೆ. ಅಲ್ಲಿ ಬೋರ್ಡಿಗೆ ತೂತು ಇಲ್ಲ. ಅದರ ತಲೆ ಈ ಎರಡು ಚುಕ್ಕೆಗೂ ಒಟ್ಟಿಗೆ ತಾಗ್ತಿದೆ. ಇವೆರಡೂ ಯಾವತ್ತೂ ಸೇರಬಾರದು. ಹಿತ್ತಾಳೆ ಅಲ್ವಾ, ಕರೆಂಟು ಅಡ್ಡದಾರಿ ಹಿಡಿಯುತ್ತೆ. ಶಾರ್ಟ್ ಆದದ್ದು ಗೊತ್ತಾದ ಕೂಡಲೇ ಪವರ್ ಸಪ್ಲೈ ತಾನೇ ನಿಂತುಬಿಡುತ್ತೆ. ಅದಕ್ಕೇ ಆ ಟಕ್."

"ಅದು ನಾನೇ ಕೊಟ್ಟ ಕಾಲು" ಎಂದರು ಮೇಸ್ತ್ರಿ. "ಬೋರ್ಡು ನಡುವೆ ಬಾಗ್ತಿತ್ತು."

ಅಡುಗೆಮನೆಯ ಬಾಗಿಲಿನ ಕಡೆಯಿಂದ ಹೆಂಡತಿಯ ನಗು ಕೇಳಿಸಿತು. ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಅದು ಸಾಲದಾಗಿ ಸ್ಟೂಲಿನ ಮೇಲೆ ಕೂತು ನಕ್ಕರು; ಸ್ಟೂಲು ಐದನೆಯ ಕಾಲಿನ ಮೇಲೆ ಗಿರಕಿ ಹೊಡೆಯಲು ನೋಡಿದಾಗ ಮಗಳು ಓಡಿ ಹಿಡಿದುಕೊಂಡಳು, ಅವಳಿಗೂ ನಗು. "ಕಂಪ್ಯೂಟರನ್ನೂ ಬಿಡ್ಲಿಲ್ಲವಲ್ರೀ!" ಎಂದು ಹೆಂಡತಿ ಕಣ್ಣೊರೆಸಿಕೊಂಡರು. ಅಳಿಯ ನಗಬಾರದೆಂದು ಸ್ಕ್ರೂಡ್ರೈವರನ್ನೇ ದಿಟ್ಟಿಸುತ್ತಿದ್ದ, ಅವನ ಹೆಗಲು ಮಾತ್ರ ಕುಲುಕುತ್ತಿತ್ತು. ಇಡೀ ಬೆಳಗ್ಗೆ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಾಗಿತ್ತು.

ಕಾಲನ್ನು ತೆಗೆದು, ಬೋರ್ಡು ಕೂರಿಸಿ ಬಟನ್ ಒತ್ತಿದರು. ಫ್ಯಾನು ತಿರುಗಿತು, ಅಕ್ಷರ ಬಂತು, ಓರೆ ಪಟ್ಟಿಗಳ ಸಂದಿಯಿಂದ ಬೆಚ್ಚಗಿನ ಗಾಳಿ ಬಂತು. ತೇಗದ ಪೆಟ್ಟಿಗೆಯೊಳಗೆ ಕಂಪ್ಯೂಟರು ಸದ್ದಿಲ್ಲದೆ ಓಡುತ್ತಿತ್ತು. ಮಗಳು ಅಪ್ಪನ ಭುಜ ಹಿಡಿದು ಅಲುಗಿಸಿದಳು.

ಮೇಸ್ತ್ರಿ ನಕ್ಕರು, ಅರ್ಧ ಮಾತ್ರ. ಕಂಪ್ಯೂಟರು ಓಡಿದ್ದು ನಿಜ. ಆದರೆ ಕೆಟ್ಟದ್ದು ಯಾರಿಂದ ಎಂಬುದೂ ಅಷ್ಟೇ ನಿಜವಾಯಿತಲ್ಲ. ಕೈ ನೆಟ್ಟಗಿದೆ ಎಂದು ಹೇಗೆ ಹೇಳುವುದು? ಅವರು ಮೆಲ್ಲಗೆ ಜಗಲಿಯ ಕಡೆ ಹೊರಟರು. ಹೆಂಡತಿಯ ನಗು ನಿಂತಿತು.

ಅಳಿಯನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ತೆಗೆದಿಟ್ಟ ಹಿತ್ತಾಳೆ ಕಾಲನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂತಿದ್ದ. ಅದರ ತಲೆಯ ಮೇಲೆ ಅರ ಆಡಿದ ಗುರುತು ಕಂಡಿತು. ಪೊಟ್ಟಣದ ಇನ್ನೊಂದು ಕಾಲಿನ ಪಕ್ಕ ಹಿಡಿದ.

"ಮಾವ, ಇದನ್ನ ನೀವು ಉಜ್ಜಿದ್ರಾ?"

"ಹೂಂ. ಬೋರ್ಡು ಎದ್ದು ನಿಲ್ತಿತ್ತು. ತಾಗಬೇಕು, ಎತ್ತಬಾರದು."

"ಕೈಯಲ್ಲೇ?"

"ಮತ್ತಿನ್ನೇನು ಕಾಲಲ್ಲಾ?"

ಅಳಿಯ ತಲೆ ಕೆರೆದುಕೊಂಡ. "ಅಲ್ಲ ಮಾವ, ಇದು ಒಂದು ಎಳೆಯಷ್ಟು ಗಿಡ್ಡ ಆಗಿದ್ರೂ ಆ ಚುಕ್ಕೆಗಳಿಗೆ ತಾಗ್ತಾನೇ ಇರ್ಲಿಲ್ಲ, ಕಂಪ್ಯೂಟರು ಬೆಳಗ್ಗೇನೇ ಓಡ್ತಿತ್ತು. ಒಂದು ಎಳೆ ಉದ್ದ ಆಗಿದ್ರೆ ಬೋರ್ಡು ಎದ್ದು ನಮಗೆಲ್ಲ ಕಂಡುಬಿಡ್ತಿತ್ತು. ಸರಿಯಾಗಿ ತಾಗೋ ಹಾಗೆ ಉಜ್ಜಿದ್ದೀರಲ್ಲ, ಅದಕ್ಕೇ ಇಷ್ಟು ಹೊತ್ತು ಸಿಕ್ಕಲಿಲ್ಲ. ನಿಮ್ಮ ಕೈ ಒಂಚೂರು ಆಚೀಚೆ ಆಗಿದ್ರೆ ನಮಗೆ ಈ ಕಷ್ಟವೇ ಇರ್ತಿರ್ಲಿಲ್ಲ!"

ಮೇಸ್ತ್ರಿ ಬಾಗಿಲಲ್ಲೇ ನಿಂತರು. "ಏನಂದ್ರಿ? ಇನ್ನೊಂದ್ಸಲ ಹೇಳಿ."

ಅಳಿಯ ತಪ್ಪು ಮಾತಾಡಿದೆನೇನೋ ಎಂದು ಬೆವರಿದ. "ಸಾರಿ ಮಾವ. ಕೈ ಆಚೀಚೆ ಆಗಿದ್ರೆ ಓಡ್ತಿತ್ತು ಅಂದೆ ಅಷ್ಟೇ."

ಮೇಸ್ತ್ರಿ ಹೆಂಡತಿಯ ಕಡೆ ನೋಡಿದರು. ಹೆಂಡತಿ ಅವರನ್ನೇ ನೋಡುತ್ತಿದ್ದರು. ಬಲಗೈಯನ್ನು ಕಣ್ಣೆದುರು ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಅದು ಆಗಲೂ ಸಣ್ಣಗೆ ನಡುಗುತ್ತಿತ್ತು. ನಡುಗಿಕೊಂಡೇ ಎಳೆಯಷ್ಟೂ ತಪ್ಪದೆ ಕೆಲಸ ಮಾಡಿತ್ತು. ಕೆಟ್ಟದ್ದು ತಲೆಯ ಅತಿಬುದ್ಧಿಯಿಂದ, ಕೈಯಿಂದಲ್ಲ. ಮೇಸ್ತ್ರಿಗೆ ಆದ ಸಂತೋಷ ಎಷ್ಟೆಂದರೆ, ಮುದುಕನೊಬ್ಬ ಹಜಾರದ ನಡುವೆ ನಿಂತು ಅಳುವುದು ಚೆನ್ನಾಗಿರುವುದಿಲ್ಲ ಎಂದು ಅವರು ಜೋರಾಗಿ ಕೆಮ್ಮಬೇಕಾಯಿತು.

"ಆದ್ರೂ ನಡುವೆ ಬಾಗುತ್ತೆ ಅಳಿಯಂದ್ರೇ. ನಾನಂತೂ ಕಣ್ಣಾರೆ ನೋಡಿದ್ದೀನಿ" ಎಂದರು ಗಂಟಲು ಸರಿಮಾಡಿಕೊಂಡು.

"ಆಸರೆ ಕೊಡಲೇಬೇಕು ಅಂದ್ರೆ ಮರದ್ದು ಕೊಡಿ ಮಾವ. ಒಣಗಿದ ಮರದಲ್ಲಿ ಕರೆಂಟು ಹರಿಯಲ್ಲ."

ಮೇಸ್ತ್ರಿ ಗೂಡಿನಿಂದ ಬೀಗದ ಕೈ ತೆಗೆದುಕೊಂಡು ಮುಂಭಾಗಕ್ಕೆ ಹೋದರು. ಅಂಗಡಿಯ ಒಳಗೆ ಧೂಳು, ಮರದ ಹೊಟ್ಟಿನ ಹಳೆಯ ವಾಸನೆ, ಕಿಟಕಿಗೆ ಜೇಡರ ಬಲೆ. ಕೆಲಸದ ಮೇಜಿಗೆ ಬಿಗಿದ ಇಕ್ಕಳದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಬೆರಳುದ್ದದ ತೇಗದ ತುಂಡೊಂದನ್ನು ಅದಕ್ಕೆ ಸಿಕ್ಕಿಸಿ, ಜಗಲಿಯಿಂದ ತಂದ ಉಳಿಯನ್ನು ಹಚ್ಚಿದರು. ಸುರುಳಿ ಸುರುಳಿಯಾಗಿ ಸಿಪ್ಪೆ ಎದ್ದಿತು.

ಹೊರಗೆ ಗೇಟಿನ ಸದ್ದಾಯಿತು. ಶಿಷ್ಯ ಬಂದಿದ್ದ; ಅವನೂ ಈಗ ಸ್ವಂತ ಅಂಗಡಿಯ ಮಾಲೀಕ, ಎರಡು ಮಕ್ಕಳ ತಂದೆ. ಕಂಕುಳಲ್ಲಿ ಗೋಣಿಚೀಲಗಳಿದ್ದವು, ಮುಖದಲ್ಲಿ ಸಾವಿನ ಮನೆಗೆ ಬಂದ ಕಳೆಯಿತ್ತು.

"ಅಮ್ಮಾ, ಮೇಸ್ತ್ರಿ ಇದ್ದಾರಾ? ಸಾಮಾನು ಕೊಡ್ತೀನಿ ಅಂದಿದ್ರು" ಎಂದು ಅವನು ಕೇಳುವುದು ಒಳಗೆ ಕೇಳಿಸಿತು.

ಹೆಂಡತಿ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಅವರು ಕೆಲಸದಲ್ಲಿದ್ದಾರಪ್ಪ" ಎಂದರು. ಆ ಕೊನೆಯ ಪದದ ಹೊತ್ತಿಗೆ ಅವರ ಧ್ವನಿ ಒಡೆಯಿತು.

ಮೇಸ್ತ್ರಿಯ ಉಳಿ ನಿಂತಿತು. ಈ ಸಲ ಕೈ ಜೋರಾಗಿಯೇ ನಡುಗಿತು. ಇದು ವಯಸ್ಸಿನ ನಡುಕವಲ್ಲ ಎಂದು ಯಾವ ವೈದ್ಯರೂ ಹೇಳಬೇಕಿರಲಿಲ್ಲ. ಅವರು ಮೊಣಕೈಯನ್ನು ಮೇಜಿನ ಅಂಚಿಗೆ ಒರಗಿಸಿ, ಅದು ಇಳಿಯಲಿ ಎಂದು ನಿಂತರು. ಹೊರಗೆ ಶಿಷ್ಯ, "ಸದ್ಯ! ಬದುಕಿಕೊಂಡೆ!" ಎಂದು ಗೋಣಿಚೀಲಗಳನ್ನು ಅಂಗಳಕ್ಕೆ ಎಸೆಯುತ್ತಿದ್ದ.